ಕನಸಿನಂತೆ ಕಳೆದದ್ದು ಯಾರ ಕಾಲ?

ಬಹಳ ವರ್ಷ ಪರದೇಶದಲ್ಲಿ ದುಡಿದು ಊರಿಗೆ ಮರಳಿದವರ ಬಾಯಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: 'ಇಪ್ಪತ್ತು ವರ್ಷ ಕನಸಿನ ಹಾಗೆ ಕಳೆದುಹೋಯಿತು.' ಭಟ್ಕಳ, ಹೊನ್ನಾವರ, ಕುಮಟಾಗಳ ಕಡೆ ಈ ಮಾತನ್ನು ಕೇಳದೆ ಬೆಳೆದವರು ಕಡಿಮೆ. ಉರ್ದು ಬಲ್ಲವರು 'ಖ್ವಾಬ್ ಕೀ ತರಹ್' ಎನ್ನುತ್ತಾರೆ. ಸವೆದು ನುಣುಪಾದ ಮಾತು. ಇದನ್ನು ತಡೆದು ನಿಲ್ಲಿಸಿ ಅರ್ಥ ಕೇಳುವವರಿಲ್ಲ. ನಮ್ಮ ಕತೆಗಳಿಗೂ ಇದು ಒಗ್ಗಿಹೋಗಿದೆ. ನಾಯಕನನ್ನು ವಿಮಾನ ಹತ್ತಿಸಿ, ಒಂದು ಸಾಲು ಖಾಲಿ ಬಿಟ್ಟು, ನರೆತ ಗಡ್ಡದೊಂದಿಗೆ ಅವನನ್ನು ಕೆಳಗಿಳಿಸುವ ಕತೆಗಾರ ಕೂಡ ಇದೇ ಮಾತಿನ ಆಸರೆ ಪಡೆದಿರುತ್ತಾನೆ.

ಈ ಮಾತಿನೊಳಗೆ ಎರಡು ನಂಬಿಕೆಗಳು ಅಡಗಿವೆ. ಕನಸಿನಲ್ಲಿ ಕಾಲವು ಎಚ್ಚರದಲ್ಲಿ ಇರುವುದಕ್ಕಿಂತ ವೇಗವಾಗಿ ಓಡುತ್ತದೆ ಎಂಬುದು ಒಂದು. ಹಾಗೆ ಓಡಿಹೋದ ಕಾಲಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ ಎಂಬುದು ಇನ್ನೊಂದು. ಮೊದಲನೆಯದು ತಪ್ಪು ತಿಳಿವಳಿಕೆ. ಎರಡನೆಯದು ಅನ್ಯಾಯ. ಒಳ್ಳೆಯ ಸಾಹಿತ್ಯ ಇವೆರಡನ್ನೂ ಹೇಗೆ ಎದುರಿಸುತ್ತದೆ ಎಂಬುದನ್ನು ನೋಡಲು ಒಂದೇ ವರ್ಷ, 1979ರಲ್ಲಿ, ಪ್ರಕಟವಾದ ಎರಡು ಕಾದಂಬರಿಗಳು ನಮಗೆ ನೆರವಾಗುತ್ತವೆ. ಒಂದು, ಕುಮಟಾ ತಾಲ್ಲೂಕಿನ ಹನೇಹಳ್ಳಿಯ ಯಶವಂತ ಚಿತ್ತಾಲರ 'ಶಿಕಾರಿ'. ಇನ್ನೊಂದು, ಉತ್ತರ ಪ್ರದೇಶದ ಬುಲಂದ್‌ಶಹರ್ ಕಡೆಯಿಂದ ಲಾಹೋರಿಗೆ ವಲಸೆ ಹೋದ ಇಂತಿಝಾರ್ ಹುಸೇನರ ಉರ್ದು ಕಾದಂಬರಿ 'ಬಸ್ತಿ'. ಅವುಗಳ ಬಳಿ ಹೋಗುವ ಮುನ್ನ ಕನಸಿನ ಗಡಿಯಾರದ ವಿಚಾರವನ್ನು ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು.

ಕನಸು ಕ್ಷಣದಲ್ಲಿ ಮುಗಿಯುತ್ತದೆ ಎಂಬ ನಂಬಿಕೆಗೆ ಆಧುನಿಕ ಕಾಲದಲ್ಲಿ ದೊಡ್ಡ ಪ್ರಚಾರ ಕೊಟ್ಟವನು ಆಲ್ಫ್ರೆಡ್ ಮೋರಿ ಎಂಬ ಫ್ರೆಂಚ್ ವಿದ್ವಾಂಸ. ನಿದ್ರೆ ಮತ್ತು ಕನಸುಗಳ ಬಗ್ಗೆ 1861ರಲ್ಲಿ ಆತ ಬರೆದ ಪುಸ್ತಕದಲ್ಲಿ ಅವನದೇ ಒಂದು ಕನಸಿನ ವರ್ಣನೆ ಇದೆ. ಫ್ರೆಂಚ್ ಕ್ರಾಂತಿಯ ಭಯಾನಕ ದಿನಗಳು, ವಿಚಾರಣೆ, ಮರಣದಂಡನೆಯ ತೀರ್ಪು, ಜನಜಂಗುಳಿಯ ನಡುವೆ ವಧಾಸ್ಥಾನದತ್ತ ಪಯಣ, ಕೊನೆಗೆ ಕತ್ತಿನ ಮೇಲೆ ಬೀಳುವ ಗಿಲೊಟಿನ್. ಎಚ್ಚರವಾದಾಗ ನೋಡಿದರೆ ಮಂಚದ ಪಟ್ಟಿಯೊಂದು ಕಳಚಿ ಅವನ ಕುತ್ತಿಗೆಯ ಮೇಲೆ ಬಿದ್ದಿತ್ತು. ಪಟ್ಟಿ ಬಿದ್ದ ಕ್ಷಣಕ್ಕೂ ಎಚ್ಚರವಾದ ಕ್ಷಣಕ್ಕೂ ನಡುವೆ ಇಷ್ಟು ದೊಡ್ಡ ಕತೆ ನಡೆದುಹೋಯಿತು ಎಂದು ಆತ ತರ್ಕಿಸಿದ. ಫ್ರಾಯ್ಡ್ ತನ್ನ ಕನಸಿನ ಗ್ರಂಥದಲ್ಲಿ ಈ ಪ್ರಸಂಗವನ್ನು ಚರ್ಚಿಸಿದ್ದರಿಂದ ಅದು ಲೋಕಪ್ರಸಿದ್ಧವಾಯಿತು. 2010ರ 'ಇನ್ಸೆಪ್ಷನ್' ಎಂಬ ಹಾಲಿವುಡ್ ಚಿತ್ರವೂ ಇದೇ ದಾರಿ ಹಿಡಿದು, ಎಚ್ಚರದ ಐದು ನಿಮಿಷಕ್ಕೆ ಕನಸಿನ ಒಂದು ಗಂಟೆ ಎಂದು ಲೆಕ್ಕ ಹೇಳಿತು. ಆದರೆ ಮೋರಿ ಇದನ್ನು ಬರೆದದ್ದು ಕನಸು ಕಂಡು ಎಷ್ಟೋ ವರ್ಷಗಳಾದ ಮೇಲೆ. ಅವನ ನೆನಪು ಎಷ್ಟನ್ನು ಸೇರಿಸಿತು, ಎಷ್ಟನ್ನು ಹೆಣೆಯಿತು ಎಂದು ಹೇಳಬಲ್ಲ ಸಾಕ್ಷಿ ಯಾರೂ ಇರಲಿಲ್ಲ.

ಪ್ರಯೋಗಾಲಯಗಳು ಹೇಳಿದ್ದು ಬೇರೆ. ನಿದ್ರೆಯ ಒಂದು ಹಂತದಲ್ಲಿ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುತ್ತವೆ, ಸ್ಪಷ್ಟವಾದ ಕನಸುಗಳು ಹೆಚ್ಚಾಗಿ ಬೀಳುವುದು ಆಗ ಎಂಬುದು 1953ರಲ್ಲಿ ಶಿಕಾಗೋದಲ್ಲಿ ಗೊತ್ತಾಯಿತು. 1957ರಲ್ಲಿ ವಿಲಿಯಂ ಡಿಮೆಂಟ್ ಮತ್ತು ನಥಾನಿಯಲ್ ಕ್ಲೈಟ್‌ಮನ್ ಈ ಹಂತ ಶುರುವಾಗಿ ಐದು ನಿಮಿಷಕ್ಕೋ ಹದಿನೈದು ನಿಮಿಷಕ್ಕೋ ಮಲಗಿದ್ದವರನ್ನು ಎಬ್ಬಿಸಿ, 'ಕನಸು ಎಷ್ಟು ಹೊತ್ತಿನದು?' ಎಂದು ಕೇಳಿದರು. ಬಹುಪಾಲು ಸಲ ಉತ್ತರ ಸರಿಯಾಗಿತ್ತು. 1980ರ ದಶಕದಲ್ಲಿ ಅಮೆರಿಕದ ಸ್ಟೀಫನ್ ಲಬರ್ಜ್ ಇನ್ನೂ ಮುಂದೆ ಹೋದರು. ತಾನು ಕಾಣುತ್ತಿರುವುದು ಕನಸು ಎಂಬ ಅರಿವು ಕನಸಿನೊಳಗೇ ಇರುವವರು ಕೆಲವರಿದ್ದಾರೆ. ಅಂಥವರು ಕನಸಿನಲ್ಲಿ ಹತ್ತು ಸೆಕೆಂಡು ಎಣಿಸಿ, ಎಣಿಕೆಯ ಆರಂಭ ಮತ್ತು ಅಂತ್ಯವನ್ನು ಕಣ್ಣಿನ ಸನ್ನೆಯಿಂದ ತಿಳಿಸಿದರು. ಯಂತ್ರ ದಾಖಲಿಸಿದ ಅವಧಿ ಎಚ್ಚರದ ಹತ್ತು ಸೆಕೆಂಡಿಗೆ ಹೆಚ್ಚು ಕಡಿಮೆ ಸಮನಾಗಿತ್ತು. ಸ್ವಿಟ್ಜರ್ಲೆಂಡಿನ ಬರ್ನ್‌ನ ಡೇನಿಯಲ್ ಎರ್ಲಾಕರ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಡೆಯುವುದು, ಬಸ್ಕಿ ಹೊಡೆಯುವುದು ಮುಂತಾದ ಮೈಯ ಕೆಲಸಗಳಿಗೆ ಕನಸಿನಲ್ಲಿ ಎಚ್ಚರಕ್ಕಿಂತ ಹೆಚ್ಚೇ ಸಮಯ ಹಿಡಿಯಿತು. ಕನಸಿನ ಕುದುರೆ ಗಾಳಿಗಿಂತ ವೇಗ ಎಂದು ಹೇಳಿಕೊಂಡು ಬಂದವರಿಗೆ ಇದು ನಿರಾಶೆಯ ಸುದ್ದಿ.

ಹಾಗಾದರೆ ಒಂದು ಗಳಿಗೆಯ ಕನಸಿನಲ್ಲಿ ಒಂದು ಜನ್ಮ ಕಳೆದಂತೆ ಅನ್ನಿಸುವುದು ಹೇಗೆ? ಕತೆ ಬರೆಯುವವರಿಗೆ ಉತ್ತರ ಗೊತ್ತಿರಬೇಕು. ಕನಸು ಕಾಲವನ್ನು ಓಡಿಸುವುದಿಲ್ಲ, ಕತ್ತರಿಸುತ್ತದೆ. ಮದುವೆಯ ಚಪ್ಪರ ಕಾಣುತ್ತದೆ, ಮರುಕ್ಷಣ ಮಗು ಶಾಲೆಗೆ ಹೊರಟಿರುತ್ತದೆ. ನಡುವಿನ ಆರು ವರ್ಷ ನಡೆಯಿತು ಎಂಬ ನಂಬಿಕೆ ಮಾತ್ರ ಇರುತ್ತದೆ, ಆ ಆರು ವರ್ಷ ಇರುವುದಿಲ್ಲ. ಸಿನಿಮಾ ಮತ್ತು ಸಣ್ಣಕತೆ ಮಾಡುವುದೂ ಇದನ್ನೇ. ಆದರೆ ಒಂದು ವ್ಯತ್ಯಾಸ ಇದೆ. ಸಿನಿಮಾ ನೋಡುವವನಿಗೆ ನಡುವೆ ಏನೋ ಬಿಟ್ಟುಹೋಗಿದೆ ಎಂದು ಗೊತ್ತಿರುತ್ತದೆ. ಕನಸು ಕಾಣುವವನಿಗೆ ಗೊತ್ತಿರುವುದಿಲ್ಲ. ಎಚ್ಚರದಲ್ಲಿ ನಮ್ಮ ಕಾಲಕ್ಕೆ ಹೊರಗಿನವರು ಲೆಕ್ಕ ಇಡುತ್ತಾರೆ. ಬಾಂಗ್ ಕೂಗುತ್ತದೆ, ಬಾಡಿಗೆ ಕೊಡುವ ದಿನ ಬರುತ್ತದೆ, ಮಗುವಿನ ಅಂಗಿ ಗಿಡ್ಡವಾಗುತ್ತದೆ. ಕನಸಿನಲ್ಲಿ ಈ ಲೆಕ್ಕ ಇಡುವ ಇನ್ನೊಬ್ಬರಿಲ್ಲ. ಕನಸಿನ ಕಾಲ ಎಂದರೆ ಸಾಕ್ಷಿ ಇಲ್ಲದ ಕಾಲ.

ಪವಿತ್ರ ಕುರ್‌ಆನಿನ ಹದಿನೆಂಟನೆಯ ಅಧ್ಯಾಯ 'ಅಲ್ ಕಹ್ಫ್' ಅನ್ನು ಶುಕ್ರವಾರ ಓದುವ ರೂಢಿ ನಮ್ಮ ಎಷ್ಟೋ ಮನೆಗಳಲ್ಲಿದೆ. ಗುಹೆಯಲ್ಲಿ ನಿದ್ರಿಸಿದ ಯುವಕರ ವೃತ್ತಾಂತ ಅದರಲ್ಲಿ ಬರುತ್ತದೆ. ಎದ್ದವರು ಎಷ್ಟು ಹೊತ್ತು ಮಲಗಿದ್ದೆವು ಎಂದು ಪರಸ್ಪರ ಕೇಳಿಕೊಳ್ಳುತ್ತಾರೆ. ಒಂದು ದಿನವೋ ಅದರಲ್ಲೊಂದು ಭಾಗವೋ ಎಂಬ ಅಂದಾಜು ಬರುತ್ತದೆ. ಬಳಿಕ, ನಿಜವಾದ ಅವಧಿ ಪ್ರಭುವಿಗೇ ಗೊತ್ತು ಎಂದು ಆ ಅಂದಾಜನ್ನು ಅಲ್ಲಿಗೇ ಬಿಟ್ಟು, ಒಬ್ಬನ ಕೈಗೆ ಬೆಳ್ಳಿನಾಣ್ಯ ಕೊಟ್ಟು ಆಹಾರ ತರಲು ಪೇಟೆಗೆ ಕಳಿಸುತ್ತಾರೆ. ಮುನ್ನೂರು ವರ್ಷ, ಅದಕ್ಕೆ ಒಂಬತ್ತು ಸೇರಿಸಿ ಎಂಬ ಸಂಖ್ಯೆ ಅಧ್ಯಾಯದಲ್ಲಿ ಆಮೇಲೆ ಬರುತ್ತದೆ. ಮುನ್ನೂರು ಸೌರ ವರ್ಷಗಳು ಸುಮಾರು ಮುನ್ನೂರ ಒಂಬತ್ತು ಚಾಂದ್ರಮಾನ ವರ್ಷಗಳಿಗೆ ಸಮ ಎಂದು ಕೆಲವು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಕತೆಗಾರನ ಕಣ್ಣಿಗೆ ಇಲ್ಲಿ ಮುಖ್ಯವಾಗಿ ಕಾಣುವುದು ಆ ನಾಣ್ಯ. ಗುಹೆಯ ಒಳಗೆ ಕೂತು ಎಷ್ಟು ತರ್ಕಿಸಿದರೂ ಕಾಲ ಎಷ್ಟಾಯಿತೆಂದು ತಿಳಿಯುವಂತಿಲ್ಲ. ಎಚ್ಚರವಾಗಿದ್ದವರ ಪೇಟೆಗೆ ಹೋಗಬೇಕು. ಹಳೆಯ ನಾಣ್ಯವನ್ನು ಕಂಡು ಅಂಗಡಿಯವನು ಹುಬ್ಬೇರಿಸಿದನೆಂದು ವ್ಯಾಖ್ಯಾನ ಪರಂಪರೆ ಹೇಳುತ್ತದೆ. ಅಲ್ಲಿಗೆ ಕಾಲದ ಲೆಕ್ಕ ಸಿಕ್ಕಿತು.

ಎರಡನೆಯ ಅಧ್ಯಾಯ 'ಅಲ್ ಬಕರ'ದಲ್ಲಿ ನೂರು ವರ್ಷ ಮರಣಸ್ಥಿತಿಯಲ್ಲಿದ್ದು ಎದ್ದವನ ಪ್ರಸಂಗ ಇದೆ. ಅವನೂ ಒಂದು ದಿನವೋ ಅದರ ಭಾಗವೋ ಎನ್ನುತ್ತಾನೆ. ಅವನಿಗೆ ಎರಡು ವಸ್ತುಗಳನ್ನು ತೋರಿಸಲಾಗುತ್ತದೆ. ಬುತ್ತಿ ಕೆಟ್ಟಿಲ್ಲ, ಕತ್ತೆ ಮೂಳೆಯಾಗಿದೆ. ಅಕ್ಕಪಕ್ಕದಲ್ಲಿ ಇಟ್ಟ ಎರಡು ಗಡಿಯಾರಗಳು. ಬುತ್ತಿಯನ್ನು ಮಾತ್ರ ನೋಡುವವನು ಏನೂ ಆಗಿಲ್ಲ ಎಂದುಕೊಳ್ಳುತ್ತಾನೆ. ಕತ್ತೆಯನ್ನೂ ನೋಡಿದವನಿಗೆ ತನ್ನ ಅಂದಾಜು ಎಷ್ಟು ಕಡಿಮೆ ಎಂದು ತಿಳಿಯುತ್ತದೆ.

ಪ್ರವಾದಿ ಯೂಸುಫ್(ಅ)ರ ವೃತ್ತಾಂತ ಇದಕ್ಕೆ ಪೂರಕವಾಗಿದೆ. ಅರಸ ಕಂಡ ಏಳು ಕೊಬ್ಬಿದ ಹಸು, ಏಳು ಬಡಕಲು ಹಸು, ಹಸಿರು ತೆನೆ, ಒಣ ತೆನೆಗಳ ಕನಸು ಎಷ್ಟು ಹೊತ್ತಿನದೋ ಇರಲಿ, ಅದರಲ್ಲಿ ಹದಿನಾಲ್ಕು ವರ್ಷಗಳ ಬದುಕು ಇತ್ತು. ಆಸ್ಥಾನದವರು ಇದು ಗೊಂದಲದ ಕನಸು ಎಂದು ಕೈತೊಳೆದುಕೊಂಡರು. ಯೂಸುಫ್(ಅ) ಹಸುವನ್ನು ವರ್ಷವಾಗಿ, ತೆನೆಯನ್ನು ದಾಸ್ತಾನಾಗಿ ಓದಿದರು. ಕಾಳನ್ನು ತೆನೆಯಲ್ಲೇ ಬಿಡಬೇಕು, ತಿನ್ನುವಷ್ಟು ಮಾತ್ರ ತೆಗೆಯಬೇಕು ಎಂಬ ವಿವರವನ್ನೂ ಹೇಳಿದರು. ಉರ್ದು ಮನೆಗಳ ಕಪಾಟಿನಲ್ಲಿರುವ 'ಖ್ವಾಬ್‌ನಾಮಾ' ಪುಸ್ತಕಗಳು ಹಾವು ಕಂಡರೆ ಏನು, ನೀರು ಕಂಡರೆ ಏನು ಎಂದು ಪಟ್ಟಿ ಕೊಡುತ್ತವೆ. ಯೂಸುಫ್(ಅ)ರ ಓದು ಆ ಜಾತಿಯದಲ್ಲ. ಕನಸಿನ ಕಾಲವನ್ನು ಎಚ್ಚರದ ಜನರ ಹಸಿವಿನ ಲೆಕ್ಕಕ್ಕೆ ಇಳಿಸುವ ಓದು ಅದು. ವಿಮರ್ಶೆಯ ಕೆಲಸವೂ ಇದೇ ಎಂದು ನನಗೆ ಅನ್ನಿಸುತ್ತದೆ.

ಕನ್ನಡ ಓದುಗರಿಗೆ ಯೋಗವಾಸಿಷ್ಠದ ಲವಣ ರಾಜನ ಕತೆ ಗೊತ್ತಿರಬಹುದು. ಐಂದ್ರಜಾಲಿಕನೊಬ್ಬ ತೋರಿಸಿದ ಕುದುರೆಯನ್ನು ನೋಡುತ್ತ ಅರಸ ಸಿಂಹಾಸನದ ಮೇಲೆಯೇ ಸ್ವಲ್ಪ ಹೊತ್ತು ಮೈಮರೆಯುತ್ತಾನೆ. ಆ ಹೊತ್ತಿನಲ್ಲಿ ಕಾಡಿನ ಹಟ್ಟಿಯೊಂದರಲ್ಲಿ ಚಂಡಾಲನಾಗಿ, ಗಂಡನಾಗಿ, ತಂದೆಯಾಗಿ, ಬರಗಾಲದ ಬಲಿಯಾಗಿ ಒಂದು ಇಡೀ ಬಾಳು ಬಾಳುತ್ತಾನೆ. ಮಾಯೆಯ ಪಾಠಕ್ಕೆ ಉದಾಹರಣೆಯಾಗಿ ಇದನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಕತೆ ಮುಂದುವರಿಯುತ್ತದೆ. ಅರಸ ಆ ಕಾಡನ್ನು ಹುಡುಕಿಕೊಂಡು ಹೊರಡುತ್ತಾನೆ. ಹಟ್ಟಿ ಅಲ್ಲೇ ಇದೆ. ಬರಗಾಲದಲ್ಲಿ ಕಳೆದುಕೊಂಡವರಿಗಾಗಿ ಮುದುಕಿಯೊಬ್ಬಳು ಅಳುತ್ತಿದ್ದಾಳೆ. ಸಿಂಹಾಸನದಲ್ಲಿ ಕೂತವನಿಗೆ ಕ್ಷಣವಾಗಿದ್ದದ್ದು ಅವಳಿಗೆ ವರ್ಷಗಳೇ ಆಗಿತ್ತು. ಕಹ್ಫ್‌ನ ಪೇಟೆ, ಲವಣನ ಹಟ್ಟಿ ಎರಡೂ ನಮ್ಮನ್ನು ತಲುಪಿಸುವುದು ಒಂದೇ ಪ್ರಶ್ನೆಗೆ: ಒಬ್ಬನ ಕನಸಿನ ಕಾಲವನ್ನು ಎಚ್ಚರದಲ್ಲಿ ಬದುಕಿದವರು ಯಾರು?

ಈ ಪ್ರಶ್ನೆಯನ್ನು ಇಟ್ಟುಕೊಂಡು 'ಶಿಕಾರಿ'ಗೆ ಬರೋಣ. ಚಿತ್ತಾಲರು 1928ರಲ್ಲಿ ಹುಟ್ಟಿದ ಹನೇಹಳ್ಳಿ ಗೋಕರ್ಣದ ಸಮೀಪದ, ಅಘನಾಶಿನಿಗೂ ಗಂಗಾವಳಿಗೂ ನಡುವಣ ನೆಲ. ಅಣ್ಣ ಗಂಗಾಧರ ಚಿತ್ತಾಲರು ಕವಿ. ಅವರ ಸಂಕಲನಗಳ ಹೆಸರಿನಲ್ಲೇ, 'ಕಾಲದ ಕರೆ', 'ಹರಿವ ನೀರಿದು' ಎಂದು, ಕಾಲವೂ ನೀರೂ ಇವೆ. ಯಶವಂತ ಚಿತ್ತಾಲರು ಮುಂಬೈಯಲ್ಲಿ ರಸಾಯನ ಉದ್ಯಮದಲ್ಲಿ ದೊಡ್ಡ ಹುದ್ದೆಯಲ್ಲಿದ್ದು, ಬಾಂದ್ರಾದ ಕಡಲ ದಂಡೆಯಲ್ಲಿ ವಾಸಿಸುತ್ತ, 2014ರಲ್ಲಿ ತೀರಿಕೊಳ್ಳುವವರೆಗೂ ಹನೇಹಳ್ಳಿಯನ್ನೇ ಬರೆದರು. 'ಶಿಕಾರಿ'ಯ ನಾಗಪ್ಪ ಅವರಂತೆಯೇ ಆ ಊರಿನಿಂದ ಹೊರಟು ಮುಂಬೈಯ ಕಂಪೆನಿಯೊಂದರಲ್ಲಿ ಮೇಲೆ ಬಂದವನು. ಇದ್ದಕ್ಕಿದ್ದಂತೆ ಅವನನ್ನು ಕೆಲಸದಿಂದ ದೂರ ಇಡಲಾಗುತ್ತದೆ. ಆರೋಪ ಏನು, ಹಿಂದೆ ಇರುವವರು ಯಾರು ಎಂಬುದು ಸ್ಪಷ್ಟವಿಲ್ಲ. ವಿಚಾರಣೆಗಾಗಿ ಕಾಯುವುದೇ ಅವನ ಉದ್ಯೋಗವಾಗುತ್ತದೆ.

ಕಾಫ್ಕಾನ ನೆರಳು ಈ ಕಾದಂಬರಿಯ ಮೇಲಿದೆ ಎಂದು ಅನೇಕರು ಹೇಳಿದ್ದಾರೆ. ನನಗೆ ಮುಖ್ಯವಾಗಿ ಕಾಣುವುದು ಅಲ್ಲಿ ಕಾಲ ನಡೆದುಕೊಳ್ಳುವ ರೀತಿ. ಹೊರಗೆ ನಡೆಯುವುದು ಸ್ವಲ್ಪ ಕಾಲದ ಕತೆ. ಫೋನು ಬರುತ್ತದೆ, ಯಾರೋ ಬಂದು ಹೋಗುತ್ತಾರೆ, ಒಂದು ಮಾತಿಗೆ ಹತ್ತು ಅರ್ಥಗಳು ಹುಟ್ಟುತ್ತವೆ. ಒಳಗೆ ದಶಕಗಳು ಅಲ್ಲೋಲಕಲ್ಲೋಲವಾಗುತ್ತವೆ. ನಾಗಪ್ಪ ಎಚ್ಚರವಾಗಿಯೇ ಇದ್ದಾನೆ, ನಿದ್ದೆ ಬಾರದಷ್ಟು ಎಚ್ಚರವಾಗಿದ್ದಾನೆ. ಆದರೂ ಅವನ ಕಾಲಕ್ಕೆ ಕನಸಿನ ಲಕ್ಷಣ ಬಂದಿದೆ. ಕೆಲಸ ಕಿತ್ತುಕೊಂಡಾಗ ಅವನ ದಿನಕ್ಕೆ ಲೆಕ್ಕ ಇಡುವವರು ಇಲ್ಲವಾಗಿದ್ದಾರೆ. ಕಚೇರಿಯ ಹೊತ್ತು, ಸಂಬಳದ ದಿನ, ಸಹೋದ್ಯೋಗಿಗಳ ನಮಸ್ಕಾರ ಎಲ್ಲ ಹೋದಮೇಲೆ ಕಾಲ ಕತ್ತರಿಸಿಕೊಂಡು ಬೀಳುತ್ತದೆ. ಮುಂಬೈಯ ಒಂದು ಭಯದಿಂದ ಹನೇಹಳ್ಳಿಯ ಒಂದು ಭಯಕ್ಕೆ ನೇರವಾಗಿ ಜಿಗಿಯುತ್ತದೆ. ಮನುಷ್ಯನನ್ನು ಅಧಿಕಾರ ಬೇಟೆಯಾಡುವ ಬಗೆಗಳಲ್ಲಿ ಅವನ ಕಾಲವನ್ನು ಕಸಿಯುವುದು ಒಂದು ಎಂದು ಕನ್ನಡದಲ್ಲಿ ಇಷ್ಟು ನಿಖರವಾಗಿ ತೋರಿಸಿದ ಇನ್ನೊಂದು ಕಾದಂಬರಿ ನನಗೆ ಗೊತ್ತಿಲ್ಲ. ವರ್ಷಗಟ್ಟಲೆ ವಿಚಾರಣೆಯೇ ಆಗದೆ ಜೈಲಿನಲ್ಲಿ ಕಾಯುವ ಮಕ್ಕಳ ಮನೆಯವರು ಇದನ್ನು ಓದಿದರೆ, ಮುಂಬೈಯ ಅಧಿಕಾರಿಯೊಬ್ಬನ ಕತೆ ತಮ್ಮದೇ ಎಂದುಕೊಂಡಾರು.

ಹೀಗಿದ್ದರೂ 'ಶಿಕಾರಿ'ಯಲ್ಲಿ ಒಂದು ಕೊರತೆ ನನ್ನನ್ನು ಕಾಡುತ್ತದೆ. ನಾಗಪ್ಪನ ಹನೇಹಳ್ಳಿ ಅವನು ಬಿಟ್ಟ ಗಳಿಗೆಯಲ್ಲೇ ನಿಂತಿದೆ. ಅವನ ಮನಸ್ಸಿಗೆ ಬೇಕಾದಾಗ ಬರುತ್ತದೆ, ಬೇಡವೆಂದರೂ ಬಂದು ಹೆದರಿಸುತ್ತದೆ, ಆದರೆ ಅವನಿಲ್ಲದ ವರ್ಷಗಳಲ್ಲಿ ಅಲ್ಲಿ ಏನು ನಡೆಯಿತು ಎಂಬುದಕ್ಕೆ ಅದರಲ್ಲಿ ಹೆಚ್ಚು ಜಾಗವಿಲ್ಲ. ಅದು ಕೆಡದೆ ಉಳಿದ ಬುತ್ತಿ. ಚಿತ್ತಾಲರ ಹನೇಹಳ್ಳಿಯ ಸಣ್ಣಕತೆಗಳಲ್ಲಿ ಊರಿನವರಿಗೆ ತಮ್ಮದೇ ಬದುಕಿದೆ, ತಮ್ಮದೇ ಕಾಲವಿದೆ. ಕಾದಂಬರಿಯಲ್ಲಿ ನಾಗಪ್ಪನ ಭಯ ಎಷ್ಟು ದೊಡ್ಡದೆಂದರೆ ಊರು ಅದರೊಳಗೆ ಕರಗುತ್ತದೆ. ಇದು ನಾಗಪ್ಪನ ಮನಸ್ಥಿತಿಗೆ ನಿಷ್ಠವಾದ ಚಿತ್ರ ಎಂದು ವಾದಿಸಬಹುದು, ಆ ವಾದದಲ್ಲಿ ಹುರುಳಿದೆ. ಆದರೆ ನಮ್ಮ ಕರಾವಳಿಯ ಎಷ್ಟೋ ಕತೆಗಾರರು 'ಶಿಕಾರಿ'ಯಿಂದ ಕಲಿತದ್ದು ಅದರ ನಿಷ್ಠುರತೆಯನ್ನಲ್ಲ, ಈ ನಿಂತ ಊರನ್ನು.

'ಬಸ್ತಿ'ಯ ಝಾಕಿರ್ ನಾಗಪ್ಪನಿಗೆ ತಮ್ಮನಂತಿದ್ದಾನೆ. ಅವನು 1971ರ ಲಾಹೋರಿನಲ್ಲಿರುವ ಇತಿಹಾಸದ ಅಧ್ಯಾಪಕ. ಸುತ್ತ ಘೋಷಣೆ, ಗಲಭೆ, ಆಮೇಲೆ ಯುದ್ಧ. ಅವನ ಮನಸ್ಸು ಮಾತ್ರ ಗಡಿಯಾಚೆ ಬಿಟ್ಟುಬಂದ ರೂಪನಗರದಲ್ಲಿ, ಬಾಲ್ಯದ ಒಡನಾಡಿ ಸಾಬಿರಾಳೊಂದಿಗೆ ಸುತ್ತುತ್ತದೆ. ಝಾಕಿರ್ ಎಂದರೆ ಸ್ಮರಿಸುವವನು. ಸಾಬಿರಾ ಎಂದರೆ ಸಹನೆಯುಳ್ಳವಳು, ಕಾಯುವವಳು. ಹೆಸರಿನಲ್ಲೇ ಇಬ್ಬರ ಪಾಲಿನ ಕಾಲ ಹಂಚಿಹೋಗಿದೆ. ಇಲ್ಲೂ ರೂಪನಗರ ಕನಸಿನಂತೆ ನಿಂತೇ ಇರುತ್ತಿತ್ತೇನೋ. ಆದರೆ ದೆಹಲಿಯಿಂದ ಗೆಳೆಯ ಸುರೇಂದರನ ಕಾಗದ ಬರುತ್ತದೆ. ಸಾಬಿರಾ ಅಲ್ಲಿ ರೇಡಿಯೋದಲ್ಲಿ ಕೆಲಸ ಮಾಡುತ್ತಿದ್ದಾಳೆ, ಮದುವೆಯಾಗಿಲ್ಲ, ಒಂಟಿಯಾಗಿದ್ದಾಳೆ. ಈ ಕಾಗದವೇ ಕಾದಂಬರಿಯ ಬೆಳ್ಳಿನಾಣ್ಯ. ಝಾಕಿರನಿಗೆ ಒಂದು ದಿನವೋ ಅದರ ಭಾಗವೋ ಆಗಿದ್ದ ಕಾಲವನ್ನು ಇನ್ನೊಬ್ಬಳು ವರ್ಷ ವರ್ಷವಾಗಿ ಬದುಕಿದ್ದಾಳೆ. ಆಕೆಯ ಕೂದಲು ನರೆಯುವುದರೊಳಗೆ ತಾನೊಂದು ಕಾಗದ ಬರೆಯಬೇಕು ಎಂಬ ತವಕ ಅವನಲ್ಲಿ ಹುಟ್ಟುವಾಗ ಕಾದಂಬರಿ ಮುಗಿಯುವ ಹಂತಕ್ಕೆ ಬಂದಿರುತ್ತದೆ. ಯುದ್ಧದ ದಿನಗಳನ್ನು ಹುಸೇನರು ದಿನಚರಿಯ ರೂಪದಲ್ಲಿ ತಂದಿರುವುದೂ ಗಮನಾರ್ಹ. ಪುರಾಣ, ನೆನಪು, ಕನಸುಗಳಲ್ಲಿ ಈಜುವ ಬರಹಗಾರ ಬಾಂಬು ಬೀಳುವ ದಿನಗಳಿಗೆ ತಾರೀಖು ಹಾಕುತ್ತಾನೆ. ಎಲ್ಲಿ ಕನಸು ಸಾಕು, ಎಲ್ಲಿ ಲೆಕ್ಕ ಬೇಕು ಎಂಬ ವಿವೇಕ ಅದು. ಇದಕ್ಕೆ ಇಪ್ಪತ್ತು ವರ್ಷ ಮೊದಲು, 1959ರಲ್ಲಿ, ಖುರ್ರತುಲ್‌ಐನ್ ಹೈದರ್ 'ಆಗ್ ಕಾ ದರಿಯಾ'ದಲ್ಲಿ ಮೌರ್ಯರ ಕಾಲದಿಂದ ದೇಶ ವಿಭಜನೆಯ ನಂತರದವರೆಗೆ ಅವೇ ಹೆಸರುಗಳನ್ನು ಮತ್ತೆ ಮತ್ತೆ ಹುಟ್ಟಿಸಿದಾಗಲೂ, ಪ್ರತಿಯೊಂದು ಯುಗದ ಬಟ್ಟೆ, ಮಾತು, ರಾಜಕೀಯವನ್ನು ಬೇರೆಬೇರೆಯಾಗಿ ಕೊಟ್ಟರು. ಕನಸಿನ ಜಿಗಿತಕ್ಕೆ ಎಚ್ಚರದ ದುಡಿಮೆ ಬೇಕು.

ಈಗ ನಮ್ಮ ಊರಿನ ಮಾತಿಗೆ ಮರಳಬಹುದು. ನವಾಯತರು ಮೊದಲಿನಿಂದಲೂ ವ್ಯಾಪಾರಕ್ಕೆ ಊರು ಬಿಟ್ಟವರು. 1970ರ ದಶಕದ ನಂತರ ಕೊಲ್ಲಿ ದೇಶಗಳ ದಾರಿ ತೆರೆದ ಮೇಲೆ ಈ ಅಗಲಿಕೆ ಇನ್ನೂ ಎಷ್ಟೋ ಸಮುದಾಯಗಳ ಮನೆಗಳ ಪಾಲಿಗೆ ಬಂತು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ ಸಿಗುವವನ ಲೆಕ್ಕ ಹಿಡಿಯಿರಿ. ಇಪ್ಪತ್ತು ವರ್ಷದಲ್ಲಿ ಹತ್ತು ರಜೆ, ಒಟ್ಟು ಇಪ್ಪತ್ತು ತಿಂಗಳು. ಗಂಡಹೆಂಡತಿ ಒಂದೇ ಸೂರಿನಡಿ ಕಳೆದದ್ದು ಎರಡು ವರ್ಷಕ್ಕೂ ಕಡಿಮೆ. ಉಳಿದ ಹದಿನೆಂಟು ವರ್ಷ ಚಿಲ್ಲರೆ, ಅಲ್ಲಿ ಹಂಚಿಕೊಂಡ ಕೋಣೆಯಲ್ಲಿ ಒಂದೇ ಬಗೆಯ ದಿನಗಳು. ಒಂದೇ ಬಗೆಯ ದಿನಗಳು ನೆನಪಿನಲ್ಲಿ ಒಂದರ ಮೇಲೊಂದು ಕೂತು ತೆಳ್ಳಗಾಗುತ್ತವೆ. ಆದ್ದರಿಂದ 'ಕನಸಿನ ಹಾಗೆ' ಎಂಬ ಮಾತಿನಲ್ಲಿ ಆ ದುಡಿದವನ ನೋವೂ ಇದೆ, ಅದನ್ನು ಹಗುರ ಮಾಡಬಾರದು. ಅವನ ವರ್ಷಗಳನ್ನು ಅವನಿಂದ ಕಸಿದುಕೊಂಡದ್ದು ಬಡತನ ಮತ್ತು ಕರಾರುಪತ್ರ.

ಆದರೆ ಅದೇ ವರ್ಷಗಳನ್ನು ಊರಿನಲ್ಲಿ ಎಣಿಸಿದವರಿದ್ದಾರೆ. ಮಗುವಿನ ಜ್ವರ, ಅತ್ತೆಯ ಕೊನೆಗಾಲ, ಮನೆ ಕಟ್ಟುವ ಮೇಸ್ತ್ರಿಯೊಂದಿಗೆ ಜಗಳ, ಮಗಳ ಸಂಬಂಧದ ಮಾತುಕತೆ, ಇವೆಲ್ಲವನ್ನೂ ಒಬ್ಬಳೇ ನಿಭಾಯಿಸಿದ ಹೆಣ್ಣಿಗೆ ಇಪ್ಪತ್ತು ವರ್ಷ ಕನಸಿನ ಹಾಗೆ ಕಳೆದಿರಲು ಸಾಧ್ಯವಿಲ್ಲ. ಫೋನು ದುಬಾರಿಯಾಗಿದ್ದ ದಿನಗಳಲ್ಲಿ ಕ್ಯಾಸೆಟ್ಟಿನಲ್ಲಿ ದನಿ ತುಂಬಿಸಿ ಕಳಿಸುತ್ತಿದ್ದರು. ಬಂದ ಕ್ಯಾಸೆಟ್ಟನ್ನು ಮುಂದಿನದು ಬರುವ ತನಕ ಮತ್ತೆ ಮತ್ತೆ ಹಾಕಿ ಕೇಳುತ್ತಿದ್ದರು. ಟೇಪಿನಲ್ಲಿ ಅವನ ದನಿ ಅದೇ ಗಳಿಗೆಯಲ್ಲಿ ನಿಂತಿರುತ್ತಿತ್ತು, ಕೇಳುವವಳು ಪ್ರತಿ ಸಲ ಕೆಲವು ದಿನ ದೊಡ್ಡವಳಾಗಿರುತ್ತಿದ್ದಳು. ಗುಹೆಯೂ ಪೇಟೆಯೂ ಒಂದೇ ಕೋಣೆಯಲ್ಲಿದ್ದವು. ಇಂಥ ವಸ್ತು ಕೈಯಳತೆಯಲ್ಲಿರುವಾಗ ನಮ್ಮ ಕತೆಗಳಲ್ಲಿ ಈಕೆ ಬಾಗಿಲ ಬಳಿ ನಿಂತ ನೆರಳಾಗಿ ಮಾತ್ರ ಬರುವುದೇಕೆ? ಮರಳಿ ಬಂದವನು ಊರಿನ ಬದಲಾವಣೆ ಕಂಡು ಮರುಗುವ ಕತೆಗಳು ಸಾಕಷ್ಟಿವೆ. ಊರು ಬದಲಾಗುವಾಗ ಅಲ್ಲೇ ಇದ್ದು ಬದಲಾವಣೆಯ ಬೆಲೆ ತೆತ್ತವರ ಕತೆಗಳು ವಿರಳ.

ಕಾಲಕ್ಕೆ ಲೆಕ್ಕ ಇಡುವುದು ಹೇಗೆಂದು ಕಲಿಯಲು ಬಹಳ ದೂರ ಹೋಗಬೇಕಿಲ್ಲ. ಅಘನಾಶಿನಿಯ ಅಳಿವೆಯಲ್ಲಿ ಬಳಚು ಹೆಕ್ಕುವ ಹೆಂಗಸರು ಇಳಿತಕ್ಕೆ ಸರಿಯಾಗಿ ನೀರಿಗಿಳಿಯುತ್ತಾರೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗಿ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ದೊಡ್ಡದು. ಈ ಲೆಕ್ಕ ಗೋಡೆಯ ಗಡಿಯಾರಕ್ಕೆ ಹೊಂದುವುದಿಲ್ಲ, ಆದರೆ ತಪ್ಪುವುದೂ ಇಲ್ಲ. ಇವತ್ತಿನ ಇಳಿತ ತಪ್ಪಿದರೆ ಬುಟ್ಟಿ ಖಾಲಿ. ಕಾಲದ ಬಗ್ಗೆ ಬರೆಯುವವರಿಗೆ ಈ ಶಿಸ್ತು ಬೇಕು. ಕತೆಯಲ್ಲಿ ಕನಸು ಬರಲಿ, ವರ್ಷಗಳು ಕತ್ತರಿಸಿ ಹೋಗಲಿ, ಅದು ಕಲೆಯ ಹಕ್ಕು. ಕತ್ತರಿಸಿದ ಜಾಗದಲ್ಲಿ ಯಾರು ಇದ್ದರು ಎಂಬುದು ಬರೆಯುವವನಿಗೆ ಗೊತ್ತಿರಬೇಕು.

'ಬಸ್ತಿ'ಯ ಒಂದು ಕಾ‍ಗದ 'ಶಿಕಾರಿ'ಯಲ್ಲಿ ಇಲ್ಲ. ಹನೇಹಳ್ಳಿಯಿಂದ ನಾಗಪ್ಪನಿಗೆ ಬರಬೇಕಾಗಿದ್ದ ಆ ಕಾಗದವನ್ನು, ದುಬೈಯಿಂದ ಮರಳಿದವನಿಗೆ ಅವನ ಹೆಂಡತಿ ಹೇಳಬೇಕಾಗಿದ್ದ ಆ ಇಪ್ಪತ್ತು ವರ್ಷಗಳನ್ನು ಬರೆಯುವ ಕೆಲಸ ನಮ್ಮ ತಲೆಮಾರಿನ ಕತೆಗಾರರಿಗೆ, ವಿಶೇಷವಾಗಿ ಇನ್ನು ಮುಂದೆ ಬರೆಯಲಿರುವ ಹೆಣ್ಣುಮಕ್ಕಳಿಗೆ ಉಳಿದಿದೆ. ಅಂಥ ಕತೆಗಳು ಬಂದಮೇಲೂ ಊರಿಗೆ ಮರಳಿದವರು 'ಕನಸಿನ ಹಾಗೆ ಕಳೆದುಹೋಯಿತು' ಎನ್ನಬಹುದು. ಆಗ ಪಕ್ಕದಲ್ಲಿ ಕೂತವಳು ಸುಮ್ಮನಿರದೆ, ಯಾವ ವರ್ಷದಲ್ಲಿ ಏನಾಯಿತು ಎಂದು ಒಂದೊಂದಾಗಿ ಹೇಳಲು ಶುರುಮಾಡುತ್ತಾಳೆ.